ದವಡೆ ಎಲ್ಲಿ ಕೂಡಬೇಕು? 8 ಕ್ಯಾಪ್ಷನ್‌ನೊಳಗ ಒಂದು ಇತಿಹಾಸ

ಭಾಗ 1/8: ತೋಪಿನ ಬಾಯಿ, ನಮ್ಮ ಬಾಯಿ

ಫೋಟೋ ಗುರುತು ಸಿಕ್ತಲ್ಲ? ಶೆರ್ಜಾ ಬುರುಜಿನ ಮೇಲಿರೋ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ಆಮೇಲೆ ವಿಜಯಪುರಕ್ಕೆ ಬಂತು. ಅದರ ಪಕ್ಕ ನಿಂತು ನಾವೆಲ್ಲ ಸೆಲ್ಫಿ ತಗೊಂಡೀವಿ. ಆದರ ಅದರ ಬಾಯಿ ಕಡೆ ಸರಿಯಾಗಿ ನೋಡಿದವರು ಕಡಿಮಿ. ಸಿಂಹ ಬಾಯಿ ತೆರೆದೈತಿ, ದವಡೆಯ ನಡುವ ಆನೆ ಸಿಕ್ಕೊಂಡೈತಿ. ಶಿಲ್ಪಿಗೆ ಶಕ್ತಿ ತೋರಿಸಬೇಕಾಗಿತ್ತು, ಅದಕ್ಕ ಅವನು ಆರಿಸಿಕೊಂಡದ್ದು ದವಡೆಯನ್ನ.

ಈಗ ಮೊಬೈಲ್ ಒಂದು ನಿಮಿಷ ಕೆಳಗ ಇಡ್ರಿ. ಎರಡೂ ಕಿವಿಯ ಮುಂದ ಒಂದೊಂದು ಬೆರಳು ಇಟ್ಟು ನಿಧಾನಕ್ಕೆ ಬಾಯಿ ತೆರೀರಿ. ಮೊದಲು ಬೆರಳಿನ ಕೆಳಗ ಒಂದು ಗುಂಡು ತಿರುಗಿದಂಗ ಆಗತದ. ಇನ್ನೂ ದೊಡ್ಡದಾಗಿ ತೆರೆದ್ರ ಅದೇ ಗುಂಡು ಮುಂದಕ್ಕ ಜಾರತದ. ಅದೇ ದವಡೆಯ ಕೀಲು. ಬಾಗಿಲಿನ ಕೀಲು ಬರೀ ತಿರುಗತದ, ಇದು ತಿರುಗಿ ಜಾರತದ. ಇನ್ನೊಂದು ವಿಶೇಷ ಅಂದ್ರ ಎಡ, ಬಲ ಎರಡೂ ಕೀಲು ಒಂದೇ ಎಲುಬಿಗೆ ಸೇರ್ಯಾವ. ಒಂದು ಕಡೆ ಏನಾದ್ರೂ ಆದ್ರ ಇನ್ನೊಂದು ಕಡೆ ಸುಮ್ಮನೆ ಇರೋದಿಲ್ಲ.

ಹಿಂಗಾಗಿ ಬಾಯಿ ಮುಚ್ಚಿದಾಗ ಎರಡು ಪ್ರಶ್ನೆ ಹುಟ್ಟತಾವ. ಹಲ್ಲು ಎಲ್ಲಿ ಕೂಡ್ತಾವ? ಇದು ಮೊದಲನೇದು. ಡಾಕ್ಟರ್‌ಗಳು ಇದಕ್ಕ ‘ಬೈಟ್’ ಅಂತಾರ. ದವಡೆ ತನ್ನ ಗೂಡಿನೊಳಗ ಎಲ್ಲಿ ಕೂಡ್ತದ? ಇದು ಎರಡನೇದು. ಎರಡೂ ಒಂದೇ ಅಂತ ಜನ ಬಹಳ ವರ್ಷ ನಂಬಿದ್ದರು. ಅಲ್ಲ ಅಂತ ಗೊತ್ತಾಗೋಕೆ ಸುಮಾರು 200 ವರ್ಷ ಬೇಕಾಯ್ತು.

ಬಿಕಾಂ ಹುಡುಗರಿಗೆ ಇದ್ಯಾಕ ಬೇಕು ಅಂತೀರಾ? ನಮ್ಮ ಕ್ಲಾಸಿನೊಳಗ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು ಎಷ್ಟು ಮಂದಿ, ಎಣಿಸ್ರಿ. ನಿಮ್ಮ ಮನೆಯೊಳಗ ಹಲ್ಲಿನ ಸೆಟ್ ಮಾಡಿಸಿಕೊಂಡು ಡಬ್ಬಿಯಲ್ಲಿ ಮುಚ್ಚಿಟ್ಟ ಅಜ್ಜ, ಅಜ್ಜಿ ಎಷ್ಟು ಮಂದಿ, ಅದನ್ನೂ ಎಣಿಸ್ರಿ. ಈ ಕಥೆ ಆ ಎರಡೂ ಲೆಕ್ಕಕ್ಕ ಸಂಬಂಧಪಟ್ಟದ್ದು.

ಭಾಗ 2/8: ‘ವ’ ಅನ್ನಿ ನೋಡೋಣ

‘ವಿಜಯಪುರ’ ಅಂತ ಒಮ್ಮೆ ಜೋರಾಗಿ ಹೇಳ್ರಿ. ಮೊದಲನೇ ಅಕ್ಷರಕ್ಕ ಕೆಳತುಟಿ ಎಲ್ಲಿ ಹೋಯ್ತು? ಮೇಲಿನ ಹಲ್ಲಿನ ಅಂಚಿಗೆ ಹತ್ತಿರ ಹೋಯ್ತು. ನಮ್ಮಲ್ಲಿ ಬಹಳ ಮಂದಿಗೆ ಮೇಲಿನ ಮುಂದಿನ ಹಲ್ಲು ಕೆಳಗಿನ ಹಲ್ಲಿನ ಮುಂದ ಸ್ವಲ್ಪ ಇಳಿದಿರತಾವ. ಅದಕ್ಕ ಇದು ಇಷ್ಟು ಸಲೀಸು.

ಮನುಷ್ಯರ ಬೈಟ್ ಯಾವಾಗಲೂ ಹಿಂಗ ಇರಲಿಲ್ಲ. ಪ್ರಾಚೀನ ಕಾಲದ ಎಷ್ಟೋ ವಯಸ್ಕರ ತಲೆಬುರುಡೆಯಲ್ಲಿ ಮುಂದಿನ ಹಲ್ಲು ತುದಿಗೆ ತುದಿ ಕೂಡ್ಯಾವ, ಕತ್ತರಿ ಥರ ಅಲ್ಲ, ಇಕ್ಕಳದ ಥರ. ಗಟ್ಟಿ ಆಹಾರ ಜಗಿದು ಜಗಿದು ಹಲ್ಲು ಸವೆಯುತ್ತಿತ್ತು, ಸವೆದಂತೆ ಬೈಟ್ ಕೂಡ ಬದಲಾಗುತ್ತಿತ್ತು. ಅಮೆರಿಕದ ಮಾನವಶಾಸ್ತ್ರಜ್ಞ ಲೋರಿಂಗ್ ಬ್ರೇಸ್, ಊಟದ ಮೇಜಿಗೆ ಚಾಕು, ಫೋರ್ಕ್ ಬಂದ ಮೇಲೆ ಯುರೋಪಿನವರ ಬೈಟ್ ಬದಲಾಯಿತು ಎಂದು ವಾದಿಸಿದರು. ಆಹಾರವನ್ನು ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯೋ ಕೆಲಸ ತಪ್ಪಿತು ಅನ್ನೋದು ಅವರ ಕಾರಣ. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಂಶೋಧನಾ ತಂಡ ಇನ್ನೂ ಮುಂದೆ ಹೋಯಿತು. ಕೃಷಿ ಬಂದು ಊಟ ಮೆತ್ತಗಾದ ಮೇಲೆ ಬೈಟ್ ಬದಲಾಯಿತು, ಅದರಿಂದಲೇ ‘ಫ಼’, ‘ವ’ ಥರದ ಶಬ್ದಗಳು ಭಾಷೆಗಳಲ್ಲಿ ಹೆಚ್ಚಾದವು ಎಂದು ಆ ತಂಡ ಹೇಳಿತು. ಈ ಎರಡೂ ವಾದಗಳ ಬಗ್ಗೆ ವಿದ್ವಾಂಸರಲ್ಲಿ ಜಗಳ ಇನ್ನೂ ನಡೆದೈತಿ.

ಜಗಳ ಬಿಡ್ರಿ, ನಮಗ ಬೇಕಾದದ್ದು ಇಷ್ಟು. ಬೈಟ್ ಅನ್ನೋದು ಹುಟ್ಟಿನಿಂದ ಕಲ್ಲಿನೊಳಗ ಕೆತ್ತಿಟ್ಟದ್ದಲ್ಲ. ಊಟ, ಸವೆತ, ವಯಸ್ಸು, ಉದುರಿದ ಹಲ್ಲು, ಎಲ್ಲವೂ ಅದನ್ನ ಸರಿಸುತ್ತಾ ಹೋಗತಾವ. ಹಂಗಾದ್ರ ಹಲ್ಲನ್ನೇ ಅಳತೆಗೋಲು ಮಾಡಿಕೊಂಡ್ರ ಏನಾಗತದ? ಗೋಲೇ ಸವೆಯೋದಿದ್ರ ಅಳತೆ ಹೆಂಗ ನಿಲ್ಲಬೇಕು?

ಭಾಗ 3/8: ಸ್ಪ್ರಿಂಗ್ ಹಾಕಿದ ಅಧ್ಯಕ್ಷ

ಸ್ವೈಪ್ ಮಾಡ್ರಿ, ಎರಡನೇ ಫೋಟೋ ಅಮೆರಿಕದ ಒಂದು ಡಾಲರ್ ನೋಟು. ಅದರ ಮೇಲಿರೋದು ಜಾರ್ಜ್ ವಾಷಿಂಗ್ಟನ್. ಬಾಯಿ ಬಿಗಿಯಾಗಿ ಮುಚ್ಚಿರೋದು ಕಾಣತದಲ್ಲ? 1789ರಲ್ಲಿ ಅಧ್ಯಕ್ಷರಾಗಿ ಪ್ರಮಾಣ ವಚನ ತಗೊಂಡಾಗ ಅವರ ಬಾಯಿಯಲ್ಲಿ ಸ್ವಂತದ್ದು ಒಂದೇ ಹಲ್ಲು ಉಳಿದಿತ್ತು. ಕಟ್ಟಿಗೆ ಹಲ್ಲು ಅಂತ ಜನ ಹೇಳ್ತಾರ, ಅದು ಸುಳ್ಳು. ದಂತ, ಸೀಸ, ಬೇರೆ ಮನುಷ್ಯರ ಹಲ್ಲು, ಇವುಗಳಿಂದ ಮಾಡಿದ ಸೆಟ್ ಅದು. ಮೇಲಿನದ್ದು, ಕೆಳಗಿನದ್ದು ಎರಡಕ್ಕೂ ಲೋಹದ ಸ್ಪ್ರಿಂಗ್ ಕಟ್ಟಿದ್ದರು. ಸ್ಪ್ರಿಂಗ್ ಸದಾ ದವಡೆಯನ್ನ ಅಗಲಿಸುತ್ತಿತ್ತು, ಆ ಮನುಷ್ಯ ಸದಾ ಕಚ್ಚಿ ಹಿಡಿಯಬೇಕಾಗಿತ್ತು. ಒಂದು ದೇಶ ನಡೆಸೋ ಮನುಷ್ಯ ಸಮಾಧಾನದಿಂದ ಬಾಯಿ ಮುಚ್ಚೋ ಹಂಗಿರಲಿಲ್ಲ.

ಆ ಕಾಲದಲ್ಲಿ ಯುರೋಪಿನಲ್ಲಿ ಇನ್ನೊಂದು ದಾರಿ ಶುರುವಾಗಿತ್ತು. ಪ್ರಶ್ಯದ ರಾಜ ಫ್ರೆಡರಿಕ್‌ನ ದಂತವೈದ್ಯ ಫಿಲಿಪ್ ಫಾಫ್ 1756ರಲ್ಲಿ ಒಂದು ಪುಸ್ತಕ ಬರೆದ. ಬಾಯಿಯ ಅಚ್ಚನ್ನು ಮೇಣದಲ್ಲಿ ತೆಗೆದು, ಪ್ಲಾಸ್ಟರ್ ಹೊಯ್ದು, ಮೇಲಿನ ಮತ್ತು ಕೆಳಗಿನ ದವಡೆಯ ಸಂಬಂಧವನ್ನ ಬಾಯಿಯ ಹೊರಗೆ ತಂದಿಡುವ ವಿಧಾನ ಅದರಲ್ಲಿತ್ತು. ರೋಗಿ ಮನೆಗೆ ಹೋದ ಮೇಲೂ ಅವನ ಬಾಯಿ ಡಾಕ್ಟರ್‌ನ ಮೇಜಿನ ಮೇಲೆ ಉಳಿಯಿತು ಅಂದಂಗಾತು.

ಆಮೇಲೆ ಆ ಎರಡು ಅಚ್ಚನ್ನು ಕೀಲಿಗೆ ಕಟ್ಟಿದರು. ಆ ಯಂತ್ರದ ಹೆಸರು ಆರ್ಟಿಕ್ಯುಲೇಟರ್. ಶುರುವಿಗೆ ಅದು ಬಾಗಿಲಿನ ಕೀಲಿನಂಗ ತೆರೆದು ಮುಚ್ಚುತ್ತಿತ್ತು, ಅಷ್ಟೇ. 19ನೇ ಶತಮಾನದಲ್ಲಿ ಅಮೆರಿಕದ ವಿಲಿಯಂ ಬಾನ್‌ವಿಲ್ ಬಹಳಷ್ಟು ದವಡೆ ಎಲುಬುಗಳನ್ನು ಅಳೆದು ಒಂದು ಲೆಕ್ಕ ಕೊಟ್ಟ. ಎಡ ಕೀಲು, ಬಲ ಕೀಲು, ಕೆಳಗಿನ ಮುಂದಿನ ಹಲ್ಲುಗಳ ನಡುವಿನ ಬಿಂದು, ಈ ಮೂರನ್ನೂ ಸೇರಿಸಿದ್ರ ಸುಮಾರು 4 ಇಂಚಿನ ಸಮಬಾಹು ತ್ರಿಭುಜ. ಎಲ್ಲರಿಗೂ ಇದು ಕರಾರುವಾಕ್ಕಾಗಿ ಹೊಂದೋದಿಲ್ಲ ಅಂತ ಆಮೇಲೆ ಗೊತ್ತಾಯಿತು. ಆದರೂ ಹಲ್ಲು ಕೂಡಿಸೋಕೆ ಕಿವಿಯ ಹತ್ತಿರದ ಕೀಲಿನಿಂದ ಅಳತೆ ತರಬೇಕು ಅನ್ನೋ ವಿಚಾರಕ್ಕ ಗಟ್ಟಿ ನೆಲೆ ಸಿಕ್ಕದ್ದು ಇಂಥ ಲೆಕ್ಕಗಳಿಂದ.

ಭಾಗ 4/8: 1899, ಏಂಗಲ್ ಹಾಕಿದ ಮೂರು ಕ್ಲಾಸು

ಕ್ಲಿಪ್ ಹಾಕಿಸಿಕೊಂಡ ದೋಸ್ತರೇ, ಈ ಭಾಗ ನಿಮಗ. ನಿಮ್ಮ ಫೈಲಿನೊಳಗ ‘ಕ್ಲಾಸ್ 1’, ‘ಕ್ಲಾಸ್ 2’ ಅಂತ ಬರೆದಿದ್ರ ಅದು ಎಡ್ವರ್ಡ್ ಏಂಗಲ್ ಕೊಟ್ಟ ಭಾಷೆ. ಅಮೆರಿಕದ ಈ ದಂತವೈದ್ಯ 1899ರಲ್ಲಿ ವಕ್ರ ಬೈಟ್‌ಗಳನ್ನು ಮೂರು ಗುಂಪು ಮಾಡಿ ಪ್ರಕಟಿಸಿದ. ನೂರಿಪ್ಪತ್ತೈದು ವರ್ಷದ ಮೇಲೂ ಲೋಕವೆಲ್ಲ ಅದನ್ನೇ ಬಳಸತದ.

ಅವನ ಲೆಕ್ಕದ ಕೇಂದ್ರ ಒಂದೇ ಹಲ್ಲು. ಸುಮಾರು 6 ವರ್ಷಕ್ಕ ಹುಟ್ಟೋ ಮೊದಲನೇ ಶಾಶ್ವತ ದವಡೆಹಲ್ಲು. ಮೇಲಿನ ಆ ಹಲ್ಲನ್ನ ಅವನು ಕೀಲಿ ಕೈ ಅಂತ ಕರೆದ. ನಮ್ಮೂರಿನ ಕಮಾನಿನ ನಡುಗಲ್ಲು ಇದ್ದಂಗ ಅಂದ್ಕೊಳ್ರಿ. ಮೇಲಿನ ಆ ಹಲ್ಲಿನ ಮುಂದಿನ ಹೊರ ಮೊನೆ ಕೆಳಗಿನ ಜೋಡಿ ಹಲ್ಲಿನ ಹೊರ ಗೆರೆಯೊಳಗ ಕೂತ್ರ ದವಡೆಹಲ್ಲಿನ ಸಂಬಂಧ ಸರಿ. ಮುಂದಿನ ಹಲ್ಲಷ್ಟೇ ಸೊಟ್ಟ ಇದ್ರ ಅದು ಕ್ಲಾಸ್ 1. ಕೆಳಗಿನದ್ದು ಹಿಂದ ಸರಿದಿದ್ರ ಕ್ಲಾಸ್ 2, ಮುಂದ ಬಂದಿದ್ರ ಕ್ಲಾಸ್ 3.

ಎಷ್ಟು ಸರಳ ನೋಡ್ರಿ! ಸರಳ ಇದ್ದದ್ದಕ್ಕ ಉಳಿಯಿತು. ಆದರ ಅದರೊಳಗ ಒಂದು ತೂತು ಇತ್ತು. ಅದು ಹಲ್ಲಿಗೆ ಹಲ್ಲನ್ನ ಹೋಲಿಸತದ. ಎರಡು ದವಡೆ ಎಲುಬುಗಳು ತಲೆಬುರುಡೆಯೊಳಗ ಎಲ್ಲೆಲ್ಲಿ ಅದಾವ ಅನ್ನೋದನ್ನ ಹೇಳೋದಿಲ್ಲ. ಕೆಳದವಡೆ ನಿಜವಾಗಿ ಸಣ್ಣದೈತೋ, ಮೇಲಿನದ್ದು ದೊಡ್ಡದೈತೋ, ಬರೀ ಹಲ್ಲು ಜಾರ್ಯಾವೋ, ಮೂರೂ ಕ್ಲಾಸ್ 2 ಅಂತನೇ ಕಾಣಬಹುದು. ಚಿಕಿತ್ಸೆ ಮಾತ್ರ ಮೂರಕ್ಕೂ ಬೇರೆ ಬೇರೆ.

ಆ ತೂತು ಮುಚ್ಚೋಕೆ 1931ರ ತನಕ ಕಾಯಬೇಕಾಯ್ತು. ಆ ವರ್ಷ ಅಮೆರಿಕದಲ್ಲಿ ಬ್ರಾಡ್‌ಬೆಂಟ್, ಜರ್ಮನಿಯಲ್ಲಿ ಹೋಫ್‌ರಾತ್, ತಲೆಯನ್ನು ಒಂದೇ ಸ್ಥಾನದಲ್ಲಿ ಹಿಡಿದು ಪಕ್ಕದಿಂದ ಎಕ್ಸ್‌ರೇ ತೆಗೆಯುವ ಪದ್ಧತಿ ಪ್ರಕಟಿಸಿದರು. ಅದರ ಹೆಸರು ಸೆಫಲೋಮೆಟ್ರಿ. ಕ್ಲಿಪ್ ಹಾಕೋಕೆ ಮೊದಲು ನಿಮ್ಮ ಕಿವಿಗೆ ಎರಡು ಕಡ್ಡಿ ಸಿಗಿಸಿ ಪಕ್ಕದ ಎಕ್ಸ್‌ರೇ ತೆಗೆದಿದ್ರಲ್ಲ, ಅದು ಇದೇ.

ಇನ್ನೊಂದು ಮಾತು. ಎಲ್ಲಾ 32 ಹಲ್ಲು ಉಳಿಸಲೇಬೇಕು ಅಂತ ಏಂಗಲ್ ಹಠ ಹಿಡಿದಿದ್ದ. ಅವನ ಶಿಷ್ಯ ಚಾರ್ಲ್ಸ್ ಟ್ವೀಡ್, ತಾನು ಹಂಗ ಮಾಡಿದ ಎಷ್ಟೋ ಕೇಸುಗಳಲ್ಲಿ ಫಲ ನಿಲ್ಲಲಿಲ್ಲ ಅಂತ ಕಂಡು, ಹಲ್ಲು ತೆಗೆದು ಮತ್ತೆ ಚಿಕಿತ್ಸೆ ಮಾಡಿದ. ಗುರುವಿನ ಮಾತಿಗಿಂತ ರೋಗಿಯ ಬಾಯಿಯನ್ನ ನಂಬಿದ.

ಭಾಗ 5/8: ಬಾರಾ ಕಮಾನ್ ಮತ್ತು ಟ್ರಯಲ್ ಬ್ಯಾಲೆನ್ಸ್

ಫೋಟೋ ಬಾರಾ ಕಮಾನ್‌ದು. ಕಮಾನಿನ ಎರಡು ಗೆರೆ ಮೇಲೆ ಹೋಗಿ ಚೂಪಾದ ಒಂದು ಬಿಂದುವಿನಲ್ಲಿ ಕೂಡ್ತಾವ. ಆ ಆಕಾರ ಮನಸ್ಸಿನೊಳಗ ಇಟ್ಕೊಳ್ರಿ.

ಹಲ್ಲೇ ಇಲ್ಲದ ಬಾಯಿಯಲ್ಲಿ ದವಡೆಯ ಜಾಗ ಹುಡುಕೋದು ಹೆಂಗ? ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಗೀಸಿ 20ನೇ ಶತಮಾನದ ಶುರುವಿಗೆ ಒಂದು ಉಪಾಯವನ್ನ ಬಳಕೆಗೆ ತಂದ. ಒಂದು ದವಡೆಗೆ ಸಣ್ಣ ಮೊಳೆ, ಇನ್ನೊಂದಕ್ಕ ಮಸಿ ಹಚ್ಚಿದ ತಗಡು. ರೋಗಿ ದವಡೆಯನ್ನ ಮುಂದ, ಹಿಂದ, ಎಡಕ್ಕ, ಬಲಕ್ಕ ಆಡಿಸಿದಾಗ ಮೊಳೆ ತಗಡಿನ ಮೇಲೆ ಗೆರೆ ಎಳೀತದ. ಎಡದ ಗೆರೆ, ಬಲದ ಗೆರೆ ಕೂಡಿ ಕಮಾನಿನ ಆಕಾರ ಆಗತದ. ಯುರೋಪಿನ ಚರ್ಚಿನ ಕಮಾನು ನೆನಪಾಗಿ ಅದಕ್ಕ ‘ಗೋಥಿಕ್ ಆರ್ಚ್’ ಅಂತ ಹೆಸರು ಬಂತು. ಇಲ್ಲೇ ಕಂಡುಹಿಡಿದಿದ್ರ ಬಾರಾ ಕಮಾನ್ ಅಂತಿದ್ವೇನೋ. ಆ ಚೂಪು ತುದಿಯೇ ದವಡೆ ಹಿಂದ ಹೋಗಿ ನಿಲ್ಲೋ ಜಾಗ, ಅಲ್ಲಿಂದಲೇ ಅದು ಎಲ್ಲಾ ಕಡೆಗೂ ಹೊರಡತದ. ಹಲ್ಲಿನ ಸಹಾಯ ಇಲ್ಲದೇ ದವಡೆ ತನ್ನ ವಿಳಾಸ ತಾನೇ ಬರೆದುಕೊಟ್ಟಿತು.

ಮುಂದ 1952ರಲ್ಲಿ ಸ್ವೀಡನ್ನಿನ ಉಲ್ಫ್ ಪೊಸೆಲ್ಟ್ ಕೆಳದವಡೆಯ ಚಲನೆಯ ಪೂರ್ತಿ ಗಡಿಯನ್ನ ಅಳೆದು ತೋರಿಸಿದ. ಹಲ್ಲು ಚೆನ್ನಾಗಿದ್ದವರಲ್ಲೂ ಅವನಿಗೆ ಒಂದು ವಿಷಯ ಕಂಡಿತು. ಹೆಚ್ಚಿನವರಲ್ಲಿ ಹಲ್ಲು ಪೂರ್ತಿ ಬಿಗಿದು ಕೂಡೋ ಜಾಗ ದವಡೆಯ ಆ ಹಿಂದಿನ ಜಾಗಕ್ಕಿಂತ ಸುಮಾರು 1 ಮಿಲಿಮೀಟರ್ ಮುಂದ ಇರತದ. ಅಂದ್ರ ನಮ್ಮಲ್ಲಿ ಬಹಳ ಮಂದಿಯ ಬಾಯಿಯೊಳಗ ಎರಡು ಉತ್ತರಗಳು ಅದಾವ, ಮತ್ತ ಅದು ರೋಗ ಅಲ್ಲ.

ಬಿಕಾಂ ಭಾಷೆಯಲ್ಲಿ ಹೇಳ್ತೀನಿ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯ್ತು ಅಂದ್ರ ಲೆಕ್ಕ ಸರಿ ಅಂತ ಅರ್ಥ ಅಲ್ಲ, ಫಸ್ಟ್ ಸೆಮ್‌ನಲ್ಲೇ ಕಲಿಸಿದ್ರು. ಒಂದು ತಪ್ಪು ಇನ್ನೊಂದು ತಪ್ಪನ್ನ ಮುಚ್ಚಿ ಎರಡೂ ಕಡೆ ಮೊತ್ತ ಒಂದೇ ಬರಬಹುದು. ಹಲ್ಲೂ ಹಂಗ. ಬಿಗಿಯಾಗಿ ಕೂಡ್ಯಾವ ಅಂದ ಮಾತ್ರಕ್ಕ ದವಡೆ ತನ್ನ ಜಾಗದೊಳಗ ಐತಿ ಅಂತ ಸಾಬೀತಾಗೋದಿಲ್ಲ. ಹಲ್ಲಿದ್ದಾಗ ದೇಹ ಆ ಸಣ್ಣ ಅಂತರವನ್ನ ಸಂಭಾಳಿಸತದ. ಹೊಸ ಸೆಟ್ ಮಾಡುವಾಗ ಆ ಅಂತರ ತಪ್ಪಿದ್ರ, ಪ್ರತಿ ತುತ್ತಿಗೂ ಸೆಟ್ ಜಾರತದ.

ಭಾಗ 6/8: ಒಂದು ಶಬ್ದ, ಏಳು ಅರ್ಥ

ದವಡೆಯ ಈ ಜಾಗಕ್ಕ ಡಾಕ್ಟರ್‌ಗಳು ‘ಸೆಂಟ್ರಿಕ್ ರಿಲೇಷನ್’ ಅಂತ ಹೆಸರಿಟ್ಟರು. ಹೆಸರು ನಿಂತಿತು, ಅರ್ಥ ನಿಲ್ಲಲಿಲ್ಲ.

ಅಮೆರಿಕದಲ್ಲಿ ಕೃತಕ ಹಲ್ಲಿನ ತಜ್ಞರು 1956ರಲ್ಲಿ ತಮ್ಮ ಶಬ್ದಕೋಶದ ಮೊದಲ ಆವೃತ್ತಿ ತಂದರು. ಆ ಕಾಲದ ಪಾಠ, ದವಡೆ ಎಷ್ಟು ಹಿಂದ ಹೋಗತದೋ ಅದೇ ಸರಿಯಾದ ಜಾಗ ಅನ್ನೋದು. 1987ರ ಆವೃತ್ತಿಗೆ ಬರೋ ಹೊತ್ತಿಗೆ ಮಾತು ತಿರುಗಿತು. ಕೀಲಿನ ಗುಂಡು ತನ್ನ ಗೂಡಿನೊಳಗ ಹಿಂದಲ್ಲ, ಮೇಲೆ ಮತ್ತು ಮುಂದ ಕೂಡಬೇಕು, ನಡುವಿನ ಮೆತ್ತೆಯ ತೆಳುವಾದ ಭಾಗಕ್ಕ ತಾಗಿರಬೇಕು ಅಂದರು. 2005ರ ಆವೃತ್ತಿಯಲ್ಲಿ ಈ ಒಂದು ಶಬ್ದಕ್ಕ ಏಳು ವ್ಯಾಖ್ಯಾನ ಇದ್ದವು. 2017ರಲ್ಲಿ ಮತ್ತೆ ಒಂದಕ್ಕ ಇಳಿಸಿದರು.

ನಗಬೇಡ್ರಿ. ಅಕೌಂಟಿಂಗ್ ಸ್ಟ್ಯಾಂಡರ್ಡ್ ಬದಲಾದಾಗ ನಾವೂ ಹಳೇ ನೋಟ್ಸ್ ಹರಿದು ಹೊಸದು ಬರೀತೀವಿ. ಆದರ ಇಲ್ಲಿ ವ್ಯಾಖ್ಯಾನ ತಪ್ಪಿದ್ರ ಅದರ ಬೆಲೆ ಕೊಡೋದು ಮನುಷ್ಯನ ದವಡೆ.

ಒಂದು ಉದಾಹರಣೆ. 1934ರಲ್ಲಿ ಅಮೆರಿಕದ ಕಿವಿ-ಗಂಟಲು ವೈದ್ಯ ಜೇಮ್ಸ್ ಕಾಸ್ಟನ್, ಕೆಲವು ಕಿವಿನೋವು ಮತ್ತು ತಲೆನೋವಿಗೆ ಹಲ್ಲು ಹೋಗಿ ದವಡೆ ಅತಿಯಾಗಿ ಮುಚ್ಚಿಕೊಳ್ಳೋದೇ ಕಾರಣ ಎಂದು ಬರೆದ. ಕೀಲಿನ ಗುಂಡು ಹಿಂದ ಸರಿದು ನರ ಒತ್ತತದ ಅನ್ನೋದು ಅವನ ವಿವರಣೆ. ಆ ವಿವರಣೆಯನ್ನ ಅಂಗರಚನೆ ಬಲ್ಲವರು ಆಮೇಲೆ ಒಪ್ಪಲಿಲ್ಲ. ಅಷ್ಟರೊಳಗ ದವಡೆನೋವಿಗೆಲ್ಲ ಬೈಟೇ ಕಾರಣ ಅನ್ನೋ ನಂಬಿಕೆ ಹಬ್ಬಿತ್ತು, ಎಷ್ಟೋ ಮಂದಿಯ ಒಳ್ಳೇ ಹಲ್ಲನ್ನ ತಿಕ್ಕಿ ‘ಸರಿ’ ಮಾಡಿದ್ದರು. 1996ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಎಚ್ಚರಿಕೆಯ ದಾರಿ ಹೇಳಿತು. ದವಡೆನೋವಿಗೆ ಮೊದಲು ವಾಪಸ್ ತಗೊಳ್ಳಬಹುದಾದ ಚಿಕಿತ್ಸೆಯನ್ನೇ ಮಾಡಿ ಅಂತ. ಔಷಧಿ, ವ್ಯಾಯಾಮ, ವಿಶ್ರಾಂತಿ, ತೆಗೆದು ಹಾಕೋ ಪ್ಲೇಟು, ಇಂಥವನ್ನ ನಿಲ್ಲಿಸಬಹುದು. ತಿಕ್ಕಿದ ಹಲ್ಲು ಮತ್ತೆ ಬೆಳೆಯೋದಿಲ್ಲ.

ಭಾಗ 7/8: ರೊಟ್ಟಿ ಮತ್ತು ಮೇಣದ ಕಟ್ಟೆ

ಈಗ ನಮ್ಮ ಕಡೆ ಬರೋಣ. ಭಾರತದಲ್ಲಿ ಮೊದಲ ದಂತ ಕಾಲೇಜು ಕಟ್ಟಿದವರು ಡಾ. ರಫೀಉದ್ದೀನ್ ಅಹ್ಮದ್, 1920ರಲ್ಲಿ, ಕೋಲ್ಕತ್ತದಲ್ಲಿ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ದಂತವೈದ್ಯರ ಕಾಯ್ದೆ ಬಂತು. ಕರ್ನಾಟಕದಲ್ಲಿ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು, 1965ರಲ್ಲಿ ಮಣಿಪಾಲದ್ದು, ಆಮೇಲೆ ಒಂದರ ಹಿಂದ ಒಂದು. ನಮ್ಮ ವಿಜಯಪುರದಲ್ಲೂ ಅಥಣಿ ರಸ್ತೆಯಲ್ಲಿ ಅಲ್-ಅಮೀನ್ ದಂತ ಕಾಲೇಜು ಐತಿ.

‘ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ’ ಅನ್ನೋ ಗಾದೆಗೆ ಸರ್ಕಾರ ಒಂದು ಉತ್ತರ ಕೊಡೋಕೆ ನೋಡಿತು. 2014ರಲ್ಲಿ ಕರ್ನಾಟಕದಲ್ಲಿ ‘ದಂತ ಭಾಗ್ಯ’ ಯೋಜನೆ ಬಂತು. ಬಿಪಿಎಲ್ ಕುಟುಂಬದ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್. ಮೇಲೆ ಓದಿದ ಇತಿಹಾಸವೆಲ್ಲ ಆ ಒಂದು ಸೆಟ್ಟಿನೊಳಗ ಕೂತೈತಿ.

ಸೆಟ್ ಮಾಡಿಸೋಕೆ ಸಾಮಾನ್ಯವಾಗಿ ಐದಾರು ಸಲ ಹೋಗಬೇಕು. ಮೊದಲು ಅಚ್ಚು, ಮತ್ತೆ ಇನ್ನೊಂದು ಅಚ್ಚು, ಆಮೇಲೆ ದವಡೆ ಅಳತೆ, ಆಮೇಲೆ ಮೇಣದಲ್ಲಿ ಹಲ್ಲು ಜೋಡಿಸಿ ಹಾಕಿ ನೋಡೋದು, ಕಡೆಗೆ ಸೆಟ್. ಹಾಕಿದ ಮೇಲೂ ಒಂದೆರಡು ಸಲ ತಿದ್ದೋಕೆ ಕರೀತಾರ. ಹಿರಿಯರಿಗೆ ಬ್ಯಾಸರ ಬರೋದು ಆ ನಡುವಿನ ದಿನ, ಯಾಕಂದ್ರ ಆ ದಿನ ಹಲ್ಲು ಕೈಗೆ ಬರೋದಿಲ್ಲ. ನಮ್ಮ ಅಜ್ಜಿದೂ ಅದೇ ತಕರಾರು: ‘ಮೇಣ ಕಚ್ಚಿಸಿ ಕಳಿಸಿದ್ರು, ಬಸ್ ಚಾರ್ಜ್ ದಂಡ’.

ಆದರ ಇಡೀ ಸೆಟ್ಟಿನ ಹಣೆಬರಹ ಬರೆಯೋದು ಅದೇ ದಿನ. ಮೇಲೆ, ಕೆಳಗ ಮೇಣದ ಕಟ್ಟೆ ಕೂಡಿಸತಾರ. ಮೂಗಿನ ತುದಿಗೊಂದು, ಗದ್ದಕ್ಕೊಂದು ಚುಕ್ಕಿ ಇಟ್ಟು ಅಳೀತಾರ. ಸುಮ್ಮನೆ ಕೂತಾಗ ಎಷ್ಟು, ಕಚ್ಚಿದಾಗ ಎಷ್ಟು ಅಂತ. ಎರಡರ ನಡುವ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್ ಸಂದು ಬಿಡಬೇಕು. ಸಂದು ಬಿಡದೇ ಎತ್ತರ ಮಾಡಿದ್ರ ಮಾತಾಡುವಾಗ ಹಲ್ಲು ಟಕಟಕ ಬಡೀತಾವ, ದವಡೆ ದಣೀತದ, ಒಸಡು ಉರೀತದ. ತೀರಾ ಗಿಡ್ಡ ಮಾಡಿದ್ರ ಗಲ್ಲ ಒಳಗ ಹೋಗತದ, ಬಾಯಿಯ ಮೂಲೆ ಮಡಚಿ ಹುಣ್ಣಾಗಬಹುದು.

ಎತ್ತರ ಆದ ಮೇಲೆ ಜಾಗ. ನಾಲಿಗೆ ತುದಿ ಅಂಗಳಕ್ಕ ಹಚ್ಚಿ, ಹಿಂದ ಮಡಚಿ, ಮೆಲ್ಲಗ ಮುಚ್ಚಿ ಅಂತಾರ, ಇಲ್ಲಾ ಉಗುಳು ನುಂಗಿ ಅಂತಾರ. ಯಾಕಂದ್ರ ಹಲ್ಲಿಲ್ಲದ ದವಡೆ ಮುಂದಕ್ಕ ಬಂದು ಮುಚ್ಚೋದು ರೂಢಿ ಮಾಡ್ಕೊಂಡಿರತದ. ಅದನ್ನ ಅದರ ಜಾಗಕ್ಕ ಕರೆಯೋದು ಹಿಂಗ. ಫಾಫ್‌ನ ಮೇಣ, ಬಾನ್‌ವಿಲ್‌ನ ಲೆಕ್ಕ, ಗೀಸಿಯ ಕಮಾನಿನ ತುದಿ, ಎಲ್ಲಾ ಆ ಅರ್ಧ ತಾಸಿನೊಳಗ. ಅಳತೆ ತಪ್ಪಿದ ಸೆಟ್ಟಿನ ಹಲ್ಲು ಎಷ್ಟೇ ಬೆಳ್ಳಗಿದ್ರೂ ಕಡೆಗೆ ಡಬ್ಬಿ ಸೇರತದ.

ಭಾಗ 8/8: ಈಗ ನಿಮ್ಮ ಕೆಲಸ

ನಮ್ಮ ಇಬ್ರಾಹಿಂಪುರದಿಂದ ಹಿಡಿದು ತಿಕೋಟಾ, ಬಬಲೇಶ್ವರದ ತನಕ, ಊಟ ಅಂದ್ರ ಜೋಳದ ರೊಟ್ಟಿ. ಖಡಕ್ ರೊಟ್ಟಿಯನ್ನ ಸಾರಿನೊಳಗ ನೆನೆಸಿ ತಿನ್ನೋ ಹಿರಿಯರನ್ನ ದಿನಾ ನೋಡ್ತೀವಿ. ವಯಸ್ಸಾತು, ಇರ್ಲಿ ಬಿಡು ಅಂತೀವಿ. ಎಷ್ಟೋ ಸಲ ಅದು ವಯಸ್ಸಲ್ಲ, ಅಳತೆ.

ಅದಕ್ಕ ನಾಲ್ಕು ಮಾತು.

ಒಂದು. ಸೆಟ್ ಮಾಡಿಸೋ ಹಿರಿಯರ ಜೊತೆ ದವಡೆ ಅಳತೆಯ ದಿನ ಮತ್ತು ಮೇಣದ ಹಲ್ಲು ಹಾಕಿ ನೋಡೋ ದಿನ ತಪ್ಪದೇ ಹೋಗ್ರಿ. ಮೇಣದ ಹಲ್ಲು ಇದ್ದಾಗಲೇ ಮಾತಾಡಿಸ್ರಿ, ಹೆಸರು ಹೇಳಿಸ್ರಿ, ಎಣಿಸಿಸ್ರಿ, ಕನ್ನಡಿ ತೋರಿಸ್ರಿ. ಆಗ ತಿದ್ದೋದು ಸುಲಭ. ಪ್ಲಾಸ್ಟಿಕ್ ಆದ ಮೇಲೆ ಕಷ್ಟ.

ಎರಡು. ಡಬ್ಬಿಯೊಳಗ ಸೆಟ್ ಐತಿ ಅಂದ್ರ ಯಾಕ ಹಾಕ್ಕೊಳ್ಳೋದಿಲ್ಲ ಅಂತ ಕೇಳ್ರಿ. ಚುಚ್ಚತದಾ, ಜಾರತದಾ, ಟಕಟಕ ಅನ್ನತದಾ? ಆ ಉತ್ತರ ಬರ್ಕೊಂಡು ಡಾಕ್ಟರ್‌ಗೆ ಹೇಳ್ರಿ. ಒಂದೊಂದು ದೂರಿಗೂ ಒಂದೊಂದು ಕಾರಣ ಇರತದ. ಮನೆಯೊಳಗ ಚಾಕು, ಉಪ್ಪುಕಾಗದ ಹಿಡಿದು ಕೆರೆಯೋದು ಬ್ಯಾಡ. ಹೊಸ ಸೆಟ್ಟಿನ ಜೊತೆ ತಾಳ್ಮೆನೂ ಬೇಕು. ಅದರ ಕಚ್ಚೋ ಬಲ ಸ್ವಂತ ಹಲ್ಲಿನ ಅರ್ಧದಷ್ಟೂ ಇರೋದಿಲ್ಲ. ಮೊದಲು ಅನ್ನ, ಮೆತ್ತನ್ನ ರೊಟ್ಟಿ, ಸಣ್ಣ ತುತ್ತು, ಎರಡೂ ಕಡೆ ಜಗಿಯೋದು. ಖಡಕ್ ರೊಟ್ಟಿ ಆಮೇಲೆ.

ಮೂರು. ಕ್ಲಿಪ್ ಅಥವಾ ಅಲೈನರ್ ಹಾಕಿಸೋ ದೋಸ್ತರೇ, ‘ಸ್ಮೈಲ್ ಹೆಂಗ ಬರತದ’ ಅಂತ ಕೇಳೋಕೆ ಮೊದಲು ‘ನನ್ನ ದವಡೆ ಎಲ್ಲಿ ಐತಿ, ಹಲ್ಲು ಎಲ್ಲಿ ಕೂಡ್ತಾವ’ ಅಂತ ಕೇಳ್ರಿ. ಮುಂದಿನ ಆರು ಹಲ್ಲಿನ ಸೆಲ್ಫಿ ನೋಡಿ ಪ್ಲಾನ್ ಮಾಡೋದು ಸಾಲೋದಿಲ್ಲ. ಒಬ್ಬ ಡಾಕ್ಟರ್ ನಿಮ್ಮ ಬಾಯಿಯೊಳಗ ಬೆರಳಿಟ್ಟು, ಕೀಲು ಮುಟ್ಟಿ, ಎಕ್ಸ್‌ರೇ ನೋಡಬೇಕು. 1931ರಲ್ಲೇ ಕಲಿತ ಪಾಠವನ್ನ ಆಫರ್ ನೋಡಿ ಮರೆಯಬಾರದು.

ನಾಲ್ಕು. ಬಾಯಿ ತೆರೆದಾಗ ಕಿವಿ ಹತ್ತಿರ ಬರೀ ‘ಟಕ್’ ಅಂದ್ರ ಹೆದರಬೇಡ್ರಿ, ಬಹಳ ಮಂದಿಗೆ ಆಗತದ. ನೋವು ಇದ್ರ, ಬಾಯಿ ಪೂರ್ತಿ ತೆರೆಯೋಕೆ ಬರದಿದ್ರ ತೋರಿಸ್ರಿ. ಯಾರಾದ್ರೂ ಮೊದಲನೇ ಸಲಕ್ಕೇ ಹಲ್ಲು ತಿಕ್ಕೋಣ ಅಂದ್ರ ಇನ್ನೊಬ್ಬರ ಅಭಿಪ್ರಾಯ ಕೇಳೋ ಹಕ್ಕು ನಿಮಗೈತಿ.

ಈ ಸರಣಿ ಸೇವ್ ಮಾಡ್ರಿ, ಮನೆಯೊಳಗ ಹಿರಿಯರಿದ್ದ ದೋಸ್ತರಿಗೆ ಕಳಿಸ್ರಿ, ಓದೋಕೆ ಬಾರದ ಅಜ್ಜ-ಅಜ್ಜಿಗೆ ನೀವೇ ಓದಿ ಹೇಳ್ರಿ. ನಿಮ್ಮ ಮನೆಯ ಡಬ್ಬಿ ಸೆಟ್ಟಿನ ಕಥೆ ಏನು ಅಂತ ಕೆಳಗ ಬರೀರಿ, ಡಾಕ್ಟರ್ ಹೆಸರು ಬ್ಯಾಡ. ಮುಂದಿನ ವಾರ ಸೆಮಿಸ್ಟರ್ ಪರೀಕ್ಷೆ, ಅದು ಮುಗಿದ ಮೇಲೆ ಹೊಸ ಸರಣಿಯೊಂದಿಗೆ ಸಿಗತೀನಿ.

#ದವಡೆಯಕಥೆ #ವಿಜಯಪುರ #ಇಬ್ರಾಹಿಂಪುರ #ದಂತಭಾಗ್ಯ #ಕನ್ನಡಇತಿಹಾಸ